ಅಡುಗೆಮನೆಯ ಗೋಡೆಯಲ್ಲಿದ್ದ ವರ್ಷಗಳು

ಸೊರೊಕಾ, ಮೊಲ್ದೋವಾ
14 ನವೆಂಬರ್ 2001

ಪ್ರೀತಿಯ ಅಮ್ಮ,

ನಿನ್ನ ಎರಡು ಕಾಗದಗಳಿಗೂ ಸೇರಿಸಿ ಇದೊಂದೇ ಉತ್ತರ, ಬೈಯಬೇಡ. ನೀನು ಇಟಲಿಯಿಂದ ಕಳಿಸಿದ ಕಾಫಿಪುಡಿ ಮುಟ್ಟಿತು. ಬಂದವರಿಗೆ ಬೇಕಾಗುತ್ತದೆಂದು ಅಜ್ಜಿ ಬೀರುವಿನಲ್ಲಿಟ್ಟಿದ್ದಾಳೆ. ದಿನಾ ಡಬ್ಬಿ ತೆಗೆದು ಮೂಸುವುದು ಮಾತ್ರ ಅವಳೇ.

ತಡವಾದದ್ದು ಅವಳ ಪಿಂಚಣಿಯ ಓಡಾಟದಿಂದ. ಹೊಸ ಕಾನೂನಿನಲ್ಲಿ ದುಡಿದ ಪ್ರತಿ ವರ್ಷಕ್ಕೂ ಪುರಾವೆ ಬೇಕು. ತಂಬಾಕು ಕಾರ್ಖಾನೆಯವರು ಅಜ್ಜಿ ದುಡಿದ ವರ್ಷಗಳನ್ನು ಬರೆದಿಡುವ ಕೆಲಸದ ಪುಸ್ತಕವನ್ನು ತಮ್ಮಲ್ಲೇ ಇಟ್ಟುಕೊಂಡಿದ್ದರಲ್ಲ, ಕಾರ್ಖಾನೆ ಮುಚ್ಚಿದಾಗ ಅದೂ ಹೋಯಿತು. ಇಪ್ಪತ್ತೆರಡು ವರ್ಷದ ದುಡಿಮೆಯನ್ನು ಡಿಸೆಂಬರ್ ಒಳಗೆ ತೋರಿಸದಿದ್ದರೆ ಅತಿ ಕಡಿಮೆ ಪಿಂಚಣಿಯೇ ಗತಿ. ಪಿಂಚಣಿ ಕಚೇರಿಯ ರೊದಿಕಾ ಮೇಡಂ ಮುಂದೆ ಅಜ್ಜಿ ಎರಡೂ ಅಂಗೈ ಚಾಚಿದಳು.

“ತಂಬಾಕಿನ ಕಲೆ ಇನ್ನೂ ಹೋಗಿಲ್ಲ ನೋಡಮ್ಮ. ಇದು ಸಾಲದಾ?”

“ಕೈಗೆ ಮೊಹರು ಒತ್ತೋಕಾಗಲ್ಲ ಅಜ್ಜಿ,” ಅಂದರು ಅವರು. ಕೆಟ್ಟವರಲ್ಲ, ಹೇಳುವಾಗಲೂ ಆ ಕೈಗಳನ್ನೇ ನೋಡುತ್ತಿದ್ದರು.

ಕಳೆದ ತಿಂಗಳು ಒಲೆಯ ಪಕ್ಕದ ಗೋಡೆಗೆ ಅಂಟಿಸಿದ್ದ ಹೂವಿನ ಚಿತ್ರದ ಕಾಗದ ತೇವಕ್ಕೆ ಉಬ್ಬಿತು. ಕೆರೆಯಲು ಕೂತೆ. ಅಕ್ಷರ ಕಂಡಲ್ಲೆಲ್ಲ ಓದುವ ನನ್ನ ಚಟ ನಿನಗೆ ಗೊತ್ತೇ ಇದೆ. ಎಲ್ಲರ ಮನೆಯಲ್ಲೂ ಹೂವಿನ ಕಾಗದದಡಿ ಹಳೇ ಪತ್ರಿಕೆ ಇರುವ ಜಾಗದಲ್ಲಿ ನಮ್ಮಲ್ಲಿ ಕಾರ್ಖಾನೆಯ ಹಾಜರಿ ಪಟ್ಟಿಗಳು, ನೇರಳೆ ಶಾಯಿಯ ಸಾಲುಗಳಿದ್ದವು: ಹೆಸರು, ವಿಭಾಗ, ಹಾಜರಿ. ಒಂಬತ್ತನೆಯ ಸಾಲಿನಲ್ಲಿ ಅಜ್ಜಿ.

ಕೂಗಿದೆ. ಬಂದವಳು ಸ್ಟೂಲು ಎಳೆದುಕೊಂಡು ಗೋಡೆಯ ಹತ್ತಿರಕ್ಕೇ ಬಗ್ಗಿ ನೋಡಿದಳು. ಕಾರ್ಖಾನೆ ಮುಚ್ಚಿದ ಚಳಿಗಾಲದಲ್ಲಿ ಕಾವಲುಗಾರ ಹೊರಗೆಸೆದ ಈ ಪಟ್ಟಿಗಳ ಕಟ್ಟುಗಳನ್ನು ಅವಳೇ ಹಿಮದ ಮೇಲೆ ಬಂಡಿಯಲ್ಲಿ ಎಳೆದು ತಂದಿದ್ದಳಂತೆ. ದಪ್ಪ ಕಾಗದ, ಪತ್ರಿಕೆಗಿಂತ ಬೆಚ್ಚಗೆ ಅಂತ ಹಿಟ್ಟಿನ ಅಂಟು ಬಳಿದು ಅಂಟಿಸಿಬಿಟ್ಟಿದ್ದಳು. ಅದನ್ನು ಮರೆತು ಊರೆಲ್ಲ ಹುಡುಕಿದ್ದಳು.

ಕೀಳಲು ಹೋದರೆ ಚೂರಾಗುತ್ತಿತ್ತು. ಮರುದಿನ ಕಚೇರಿಗೆ ಓಡಿದೆ. ಅಂಗಡಿಯಲ್ಲಿ ಉಪ್ಪು ಕೇಳಲೂ ತೊದಲುವ ನಾನು ಸಾಲಿನಲ್ಲಿದ್ದವರೆಲ್ಲ ತಿರುಗುವಂತೆ ಹೇಳಿಬಿಟ್ಟೆ: “ನೀವೇ ಬನ್ನಿ ಮೇಡಂ. ಗೋಡೆ ಇಲ್ಲಿಗೆ ಬರಲ್ಲ.”

ಗುರುವಾರ ಭೂತಗನ್ನಡಿ ಹಿಡಿದು ಬಂದೇಬಿಟ್ಟರು. ನಾನು ಒದ್ದೆ ಬಟ್ಟೆಯಿಂದ ಹೂವಿನ ಕಾಗದವನ್ನು ಸುಲಿಯುತ್ತ ಹೋದೆ, ಅವರು ಬರೆದುಕೊಳ್ಳುತ್ತ ಬಂದರು: ‘ಉತ್ತರದ ಗೋಡೆ, ಒಲೆಯ ಎಡಕ್ಕೆ’. ಅಜ್ಜಿಯ ಜೊತೆ ದುಡಿದ ಪಕ್ಕದ ಮನೆಯ ಅಗಾಫಿಯಾ ಅತ್ತೆ ಬಾಗಿಲಲ್ಲೇ ನಿಂತಿದ್ದಳು.

“ನಾನೂ ಇದ್ದೀನಾ ನೋಡೇ. ಸಿಕ್ಕಿದ್ರೆ ಒಲೆ ಹತ್ರಾನೇ ಇರ್ಲಿ, ನಂಗೆ ಚಳಿ ಜಾಸ್ತಿ.”

ಇದ್ದಳು, ಕಿಟಕಿಯ ಕೆಳಗೆ. ಅಜ್ಜಿಗೆ ಹತ್ತೊಂಬತ್ತು ವರ್ಷ ಸಿಕ್ಕಿತು. ಉಳಿದ ಮೂರು, ಹೊಸ ಬಾಗಿಲಿಗೆಂದು ಗೋಡೆ ಒಡೆದಾಗ ಹೋಗಿರಬೇಕು. ಆದರೂ ಅತಿ ಕಡಿಮೆ ಪಿಂಚಣಿ ತಪ್ಪಲು ಅಷ್ಟು ಸಾಕಂತೆ. ನಿನ್ನೆ ಮಂಜೂರಾತಿ ಬಂತು. ನೀನು ಕಳಿಸಿದ ಕಾಫಿ ಕೊನೆಗೂ ಕುದಿಯಿತು.

ಬೆನ್ನಿಗೆ ಉಣ್ಣೆಯ ಶಾಲು ಕಟ್ಟಿಕೋ, ದೇವರು ನಿನ್ನ ಕಾಲಿಗೆ ಶಕ್ತಿ ಕೊಡಲಿ ಎಂದು ಬರೆಯಲು ಅಜ್ಜಿ ಹೇಳುತ್ತಿದ್ದಾಳೆ.

ನಿನ್ನ,
ವಿಯೊರಿಕಾ

ತಾ.ಕ.: ಹೊಸ ಕಾಗದಕ್ಕೆ ಅಂಟು ಕಲಸುತ್ತ ಅಜ್ಜಿ ಕೇಳಿದಳು, “ನಿಮ್ಮಮ್ಮನ ವರ್ಷಗಳನ್ನ ಯಾರು ಬರ್ಕೊಳ್ತಿದ್ದಾರೆ?” ಅದಕ್ಕೇ ಮತ್ತೆ ಪೆನ್ನು ಹಿಡಿದೆ. ಐದು ವರ್ಷದಿಂದ ಇಟಲಿಯಲ್ಲಿ ಕೆಲಸಕ್ಕಿರುವ ಆ ಮನೆಯ ಮುದುಕಿಯನ್ನು ಎತ್ತಿ ಮಲಗಿಸುತ್ತಿದ್ದೀಯ. ಅಲ್ಲಿಯ ಕೆಲಸಗಾರರ ಪಟ್ಟಿಯಲ್ಲೂ ನೀನಿಲ್ಲ, ಇಲ್ಲಿಯದರಲ್ಲೂ ಇಲ್ಲ. ನನಗೆ ಪದವಿ ಕೊಟ್ಟ ದಿನವೂ ನೀನಿರಲಿಲ್ಲ. ಆಕೆಯ ಮಗನನ್ನು ಕೇಳಮ್ಮ, ನಿನ್ನ ಹೆಸರು ಬರೆಸಲಿ. ನಾನು ಕಚೇರಿಯಲ್ಲಿ ಕೇಳಿದೆನಲ್ಲ, ನೀನೂ ಕೇಳಬಲ್ಲೆ. ಒಪ್ಪದಿದ್ದರೆ ಬಂದುಬಿಡು. ಕಿಟಕಿಯ ಗೋಡೆಗೆ ಹೊಸ ಕಾಗದ ಅಂಟಿಸದೆ ಹಾಗೇ ಬಿಟ್ಟಿದ್ದೇವೆ. ಯಾವ ಹೂವು ಬೇಕೆಂದು ನೀನೇ ಆರಿಸು.