ಕೋಲಿನ ತುದಿ

ನವೆಂಬರ್ ೧೨, ಬುಧವಾರ

ಟೈಲರಣ್ಣ ಕೇಳಿದ ಮಾತು ಇನ್ನೂ ಕಿವಿಯಲ್ಲೇ ಇದೆ.

ಎಚ್‌ಐವಿ ಇರುವವರಿಗೆ ಸಮುದಾಯ ಭವನದಲ್ಲಿ ವ್ಯಾಯಾಮ ಹೇಳಿಕೊಡಲು ಶುರುಮಾಡಿ ನಾಲ್ಕು ತಿಂಗಳಾಯಿತು. ಮೊದಲ ದಿನ ಅವರೆದುರು ನಿಂತು, "ಮುಟ್ಟಿದ್ರೆ ಬರಲ್ಲ, ಬೆವರಿಂದಾನೂ ಬರಲ್ಲ" ಎಂದು ಭಾಷಣ ಬಿಗಿದವನು ನಾನೇ.

ಇವತ್ತು ಅವರಲ್ಲೊಬ್ಬರಾದ ಟೈಲರಣ್ಣ ಡಂಬೆಲ್ ಎತ್ತುವಾಗ ಬೆನ್ನು ಬಾಗಿತು. ಎಂದಿನಂತೆ ಕೋಲಿನ ತುದಿಯಿಂದ ಬೆನ್ನು ತಟ್ಟಿ, "ನೆಟ್ಟಗೆ, ಅಣ್ಣಾ" ಅಂದೆ. ಅವರು ಡಂಬೆಲ್ ಕೆಳಗಿಟ್ಟು ನಗುತ್ತಲೇ ಕೇಳಿದರು: "ಮಾಸ್ಟ್ರೇ, ನನ್ನ ಮಗ ಬೆಳಗ್ಗೆ ನಿಮ್ಮ ಜಿಮ್ಮಿಗೇ ಬರ್ತಾನಲ್ಲ, ಅಲ್ಲಿ ಕೋಲೇ ಇಲ್ವಂತೆ? ಭುಜ ಹಿಡಿದು ತಿದ್ತೀರಂತೆ?"

"ಇಲ್ಲಿ ಜನ ಜಾಸ್ತಿ ಅಣ್ಣಾ, ಅದಕ್ಕೇ."

ಇದ್ದವರು ಏಳೇ ಜನ.

ಕೋಲು ಹೇಗೆ ಕೈಗೆ ಬಂತೋ ಗೊತ್ತಿಲ್ಲ ಎಂದು ಬರೆಯಹೊರಟಿದ್ದೆ. ಸುಳ್ಳು. ಎರಡನೇ ದಿನವೇ ಮನೆಯಿಂದ ಹುಡುಕಿ ಒಯ್ದಿದ್ದೆ. ತೂ, ನನ್ನ ಜನ್ಮಕ್ಕಿಷ್ಟು!

ಹೋದ ತಿಂಗಳು ಇದೇ ಟೈಲರಣ್ಣ ನನಗೊಂದು ಅಂಗಿ ಹೊಲಿದುಕೊಟ್ಟರು. ಭುಜ, ಎದೆ, ಸೊಂಟ ಎಲ್ಲ ಮುಟ್ಟಿ ಅಳತೆ ತೆಗೆಯುವಾಗ ನಾನು ಉಸಿರು ಬಿಗಿಹಿಡಿದು ನಿಂತಿದ್ದೆ. "ಹೀಗೆ ಮೈ ಕುಗ್ಗಿಸಿದ್ರೆ ಅಂಗಿ ಬಿಗಿಯಾಗುತ್ತೆ ಮಾಸ್ಟ್ರೇ, ಸಡಿಲ ಬಿಡಿ" ಅಂದಿದ್ದರು. ನಾನು ಬಿಡಲಿಲ್ಲ.

ಆ ಅಂಗಿ ಈಗಲೂ ಮೈಮೇಲಿದೆ. ಎಲ್ಲೂ ಬಿಗಿಯಿಲ್ಲ. ಅಂದರೆ ಅವರಿಗೆ ಅವತ್ತೇ ಎಲ್ಲ ಗೊತ್ತಾಗಿ, ಸುಮ್ಮನೆ ಒಂದಿಂಚು ಬಟ್ಟೆ ಹೆಚ್ಚಿಗೆ ಬಿಟ್ಟು ಹೊಲಿದಿದ್ದಾರೆ.