ಅಜ್ಜಯ್ಯನನ್ನು ಉಂಡ ಹುಳ

ಮಾರ್ಚ್ 4, ಮಂಗಳವಾರ

ಬೆಳಿಗ್ಗೆಯಿಂದ ಐಸ್ ಒಡೆದು ಕೈ ಮರಗಟ್ಟಿದೆ. ನನ್ನ ಗಂಡ ತುಯೆನ್ ನಿನ್ನೆ ದೋಣಿಯಿಂದ ತಂದ ಕಡಲಹುಳ ಟಬ್ಬಿನಲ್ಲಿ ಇನ್ನೂ ಜೀವಂತ. ಹೂಕುಂಡ ಎತ್ತಿದರೆ ಅಡಿಯಲ್ಲಿ ಕಾಣುವ ಚಿಪ್ಪಿನ, ಹತ್ತಾರು ಕಾಲಿನ ಹುಳದ ಹಾಗೇ — ಆದರೆ ಬೆಕ್ಕಿನಷ್ಟು! ಈ ಕ್ವಿ ನ್ಯೋನ್ ಬಂದರಿನಲ್ಲೇ ಹುಟ್ಟಿ ಬೆಳೆದ ಅತ್ತೆಯೂ ಇಷ್ಟು ದೊಡ್ಡದನ್ನು ಕಂಡಿಲ್ಲವಂತೆ.

ಅಪ್ಪನಿಗೆ ಫೋನ್ ಮಾಡಿದೆ. ಶಾಲಾ ಮೇಷ್ಟ್ರು ಅವರು; ನಾನು ಮೀನುಗಾರನನ್ನು ಕಟ್ಟಿಕೊಂಡೆ ಅಂತ ಈ ಮನೆಯಲ್ಲಿ ಇದುವರೆಗೆ ಒಂದು ತುತ್ತು ಉಂಡಿಲ್ಲ. ಹೊಸವರ್ಷಕ್ಕೆ ಬರುತ್ತಾರೆ, ನಿಂತೇ ಚಹಾ ಕುಡಿಯುತ್ತಾರೆ, ಬಸ್ಸಿಗೆ ಹೊತ್ತಾಯಿತು ಎನ್ನುತ್ತಾರೆ. ಇವತ್ತು ಮಾತ್ರ —

"ಬೆಕ್ಕಿನಷ್ಟಾ? ಬುರುಡೆ ಬಿಡ್ಬೇಡ ಕಣೇ."

"ಭಾನುವಾರ ಬಂದು ನೋಡಿ. ಅತ್ತೆ ಹಬೇಲಿ ಬೇಯಿಸ್ತಾರೆ. ಉಂಡ್ಕೊಂಡೇ ಹೋಗಿ."

"ನೋಡೋಣ," ಅಂದರು. ಬೇಡ ಅನ್ನಲಿಲ್ಲ!

ಮಾರ್ಚ್ 6, ಗುರುವಾರ

ಎಲ್ಲ ಕೆಟ್ಟಿತು. ಮೀನುಗಾರಿಕೆ ಕಾಲೇಜಿನ ಮೇಡಂ ಅಳೆಯಲು ಬಂದಿದ್ದರು. ಯಾಕೆ ಇಷ್ಟು ದೊಡ್ಡದು ಅಂತ ಕೇಳಿದ್ದು ನಾನೇ, ಬುದ್ಧಿ ಇಲ್ಲದವಳು.

"ಸರಿಯಾಗಿ ಯಾರಿಗೂ ಗೊತ್ತಿಲ್ಲ. ಸಿಕ್ಕಾಗ ಹೊಟ್ಟೆ ಬಿರಿಯ ತಿನ್ನುತ್ತೆ, ಆಮೇಲೆ ತಿಂಗಳುಗಟ್ಟಲೆ ಉಪವಾಸ. ತಿಮಿಂಗಿಲ ಸತ್ತು ತಳಕ್ಕೆ ಬಿದ್ರಂತೂ ಹಬ್ಬ."

ಅತ್ತೆಯ ಕೈ ನಿಂತಿತು. ಕಡಲಿಗಿಳಿಯುವ ನಮಗೆ ತಿಮಿಂಗಿಲ ದೇವರು, ಕರೆಯುವುದೇ ಅಜ್ಜಯ್ಯ ಅಂತ. ದಡಕ್ಕೆ ಬಂದ ಹೆಣವನ್ನು ಮೊದಲು ಕಂಡವರೇ ಅದಕ್ಕೆ ಹಿರಿಮಗ ಇದ್ದಂತೆ, ಸೂತಕ ಅವರದ್ದು. ಹೋದ ವರ್ಷ ಕಂಡದ್ದು ಅತ್ತೆ. ತಲೆಗೆ ಕಟ್ಟಿದ ಸೂತಕದ ಬಿಳಿ ಬಟ್ಟೆ ಇನ್ನೂ ಬಿಚ್ಚಿಲ್ಲ.

"ಅಜ್ಜಯ್ಯನ್ನ ತಿಂದಿರೋದನ್ನ ನಾನು ಬೇಯಿಸ್ಲಾ?"

"ಅವರನ್ನ ನಾವೇ ಹೂತಿದ್ದೀವಲ್ಲ ಅತ್ತೆ."

"ಅವರ ಅಣ್ಣತಮ್ಮಂದಿರನ್ನ ತಿಂದಿರುತ್ತೆ!"

"ಇಷ್ಟು ವರ್ಷ ಇಂಥದ್ದನ್ನೇ ಚಪ್ಪರಿಸಿದ್ಯಲ್ಲಮ್ಮ," ಅಂದ ತುಯೆನ್. ಸೌಟು ಹಾರಿಬಂತು.

ಅಪ್ಪ ಬರುವುದೇ ಇದಕ್ಕೆ. ಇದಿಲ್ಲವೆಂದರೆ ಮತ್ತೆ ನಿಂತೇ ಚಹಾ... ಬಚ್ಚಲಿಗೆ ಹೋಗಿ ಅತ್ತುಬಂದೆ.

ಮಾರ್ಚ್ 9, ಭಾನುವಾರ, ಮಧ್ಯಾಹ್ನ

ಅಪ್ಪ ಬಂದರು. ಟೋಪಿಯನ್ನೂ ತೆಗೆಯದೆ ನೇರ ಟಬ್ಬಿನ ಬಳಿ ಕುಕ್ಕರಗಾಲಲ್ಲಿ ಕೂತರು. ಪಕ್ಕದಲ್ಲಿ ಕೈ ಇಟ್ಟು ನೋಡಿದರು — ಮಣಿಕಟ್ಟಿನಿಂದ ಮೊಣಕೈವರೆಗೆ. "ಅಬ್ಬಬ್ಬಾ!"

ಅತ್ತೆ ಮುಚ್ಚುಮರೆ ಮಾಡಲಿಲ್ಲ. "ತಪ್ಪು ತಿಳೀಬೇಡಿ ಬೀಗರೇ. ಇದನ್ನ ಬೇಯಿಸಲ್ಲ. ಇದರ ಹೊಟ್ಟೇಲಿ ಅಜ್ಜಯ್ಯ ಇದ್ದಾರೆ."

ಇನ್ನು ಬಸ್ಸಿನ ಮಾತೇ ಅಂದುಕೊಂಡೆ. ಅಪ್ಪ ಬಿಳಿ ಬಟ್ಟೆಯನ್ನು ನೋಡಿದರು, ಹುಳವನ್ನು ನೋಡಿದರು.

"ಅಷ್ಟು ಆಳದಲ್ಲಿ ಸತ್ತೋರ ಹತ್ರ ಕೊನೇವರೆಗೂ ಇರೋದು ಇದೇ ಅಲ್ವಾ ಬೀಗಿತ್ತಿ? ಹಾಗಾದ್ರೆ ಮನೆ ನಂಟನೇ. ವಾಪಸ್ ಬಿಡೋಣ."

ದೋಣಿ ಹೊರಡುವುದು ನಾಳೆ ಬೆಳಿಗ್ಗೆ. ಅಲ್ಲಿವರೆಗೆ ಟಬ್ಬು ತಣ್ಣಗಿರಬೇಕು. ಅಪ್ಪ ಅಂಗಿಯ ತೋಳು ಮಡಚಿದರು. "ಐಸ್ ಎಲ್ಲಿದೆ?"

ಅದೇ ದಿನ, ಸಂಜೆ

ಬಸ್ ಹೋಯಿತು. ಅಪ್ಪ ಹೋಗಲಿಲ್ಲ! ಅಂಗಳದ ತುಂಬ ಐಸ್ ಚೂರು. "ಮೇಷ್ಟ್ರೇ, ಸುತ್ತಿಗೆ ಸೀಮೆಸುಣ್ಣ ಅಲ್ಲ," ಅಂತ ಅತ್ತೆ ಗದರಿದ್ದಕ್ಕೆ ನಕ್ಕರು. ಸುಸ್ತಾಗಿ ತಾವೇ ಬಂದು ಚಾಪೆಯ ಮೇಲೆ ಕೂತರು.

"ಹಸಿವು ಕಣೇ. ಏನಿದೆ?"

ಏನಿದೆ — ಅನ್ನ, ಉಪ್ಪುಮೀನು, ಸೊಪ್ಪಿನ ತಿಳಿಸಾರು. ಬಡಿಸಿದೆ. ತಲೆ ಎತ್ತದೆ ಉಂಡರು. ಬಟ್ಟಲು ಮುಂದೆ ಚಾಚಿದರು. ಮತ್ತೆ ಚಾಚಿದರು. ಎಷ್ಟು ಸಂತೋಷವಾಗಿದೆ ಎಂದು ಬರೆಯಲು ಬರುತ್ತಿಲ್ಲ. ಪಾತ್ರೆ ಖಾಲಿ, ಇನ್ನೊಂದು ಪಾವು ಅಕ್ಕಿ ಒಲೆಯ ಮೇಲಿದೆ, ಇಲ್ಲೇ ನಿಂತು ಗೀಚುತ್ತಿದ್ದೇನೆ. ಹೊರಗಿಂದ ಕೂಗು — "ಅನ್ನ ಆಯ್ತೇನೇ?" ಬಂದೆ ಅಪ್ಪ, ಬಂದೆ —