ಅತ್ತಿಗೆ ಬಿಡದ ಸ್ವರ

ಮಾರ್ಚ್ ೧೪, ಶನಿವಾರ

ಅತ್ತಿಗೆಯ ಮಾತು ಇನ್ನೂ ಕಿವಿಯಲ್ಲೇ ಇದೆ. ಗಲಭೆಗೆ ಹೆದರಿ ಓಡಿಬಂದ ಆಚೆ ಕೇರಿಯ ತಾಯಂದಿರು, ಮಕ್ಕಳು ನಮ್ಮ ಚರ್ಚಿನ ಸಭಾಂಗಣದಲ್ಲಿ ಮಲಗುತ್ತಿದ್ದಾರೆ. ಇರಲಿ ಎಂದವಳು ನಾನು. ಅದೇ ಕೇರಿಯ ಗಂಡಸರು ಅತ್ತಿಗೆಯ ಹೊಲಿಗೆ ಅಂಗಡಿ ಸುಟ್ಟರು. ಈ ತಾಯಿ-ಮಕ್ಕಳನ್ನು ಇರಿಸಿಕೊಳ್ಳುವುದೋ ಕಳಿಸುವುದೋ, ನಾಳೆ ಆರಾಧನೆ ಮುಗಿದ ಮೇಲೆ ಸಭೆಯಲ್ಲಿ ತೀರ್ಮಾನ.

“ನನ್ನ ಅಂಗಡಿ ಸುಟ್ಟೋರ ಮನೆಯೋರಿಗೆ ಹಾಸಿಗೆ ಹಾಸ್ತೀಯಾ? ದೊಡ್ಡ ಮನಸ್ಸು ಕಣೇ ನಿಂದು. ಸುಟ್ಟಿದ್ದು ನಂದಲ್ವಾ, ನಿಂಗೇನು ಕಷ್ಟ!”

ಶತ್ರುವನ್ನು ಪ್ರೀತಿಸಬೇಕೆಂದು ಕ್ರಿಸ್ತನು ಹೇಳಿದ್ದು ನಿಜ. ಆದರೆ ನಾನು ಪ್ರೀತಿಸಹೊರಟಿರುವುದು ಅತ್ತಿಗೆಯ ಶತ್ರುವನ್ನು. ನನ್ನ ಗಂಟೇನು ಹೋಯಿತು?

ಸಂಜೆ ಚರ್ಚಿನ ಗಾಯನದ ಅಭ್ಯಾಸದಲ್ಲಿ ನಾನೂ ಅತ್ತಿಗೆಯೂ ಎಂದಿನಂತೆ ಪಕ್ಕಪಕ್ಕ ನಿಂತೆವು. ಕೊನೆಯ ಸ್ವರ ಬಹಳ ಉದ್ದ. ಒಬ್ಬಳು ಉಸಿರು ತೆಗೆದುಕೊಳ್ಳುವಾಗ ಪಕ್ಕದವಳು ಸ್ವರ ಹಿಡಿದಿರಬೇಕು. ಆಗ ಕೇಳುವವರಿಗೆ ಹಾಡು ಕಡಿದಂತೆ ಅನ್ನಿಸುವುದಿಲ್ಲ. ಇಂದು ನಾನು ಉಸಿರು ಸಾಲದೆ ಅರ್ಧಕ್ಕೇ ನಿಂತೆ. ಅತ್ತಿಗೆ ನನ್ನತ್ತ ನೋಡಲಿಲ್ಲ. ಆದರೆ ನಾನು ಮರಳಿ ಸೇರುವವರೆಗೂ, ಮುಖ ಕೆಂಪೇರಿದರೂ, ಸ್ವರ ಬಿಡಲಿಲ್ಲ.

ಹೊರಡುವಾಗ ಚಪ್ಪಲಿ ಮೆಟ್ಟುತ್ತ ಅಂದರು: “ಸರಿಯಾಗಿ ಉಸಿರು ತಗೋ ಮಹಾತಾಯಿ. ನಿನ್ನಿಂದ ನಾನು ಸಾಯ್ತಿದ್ದೆ.”

ನಾಳೆಯ ವಾದಗಳನ್ನೆಲ್ಲ ಜೋಡಿಸಿಟ್ಟಿದ್ದೇನೆ. ಆ ಸುಟ್ಟ ಅಂಗಡಿಯೊಳಗೆ ಮಾತ್ರ ಇನ್ನೂ ಕಾಲಿಟ್ಟಿಲ್ಲ. ಬೆಳಿಗ್ಗೆ ಮೊದಲು ಅಲ್ಲಿಗೆ ಹೋಗಬೇಕು. ಹೋಗಿ ಏನು ಹೇಳಲಿ? ಸುಮ್ಮನೆ ಪೊರಕೆ ಹಿಡಿದರೆ ಅತ್ತಿಗೆ ಬೈಯುತ್ತಾರೆ. ಬೈಯಲಿ. ಅವರು ಉಸಿರು ತೆಗೆದುಕೊಳ್ಳುವವರೆಗೂ ಗುಡಿಸುತ್ತಿರುತ್ತೇನೆ. ದೇವರೇ, ಅಷ್ಟು ಹೊತ್ತು ನನ್ನ ಬಾಯಿ ಮುಚ್ಚಿಸಿಡು.